ಬಿಚ್ಚಿದ ಮನೆ, ಕೆಡವಿದ ಮನೆ

2019ರ ಆಗಸ್ಟ್ ತಿಂಗಳಲ್ಲಿ ನವಿಲುತೀರ್ಥದ ಜಲಾಶಯದಿಂದ ಬಿಟ್ಟ ನೀರು ಮಲಪ್ರಭೆಯ ದಂಡೆ ಮೀರಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಊರುಗಳಿಗೆ ನುಗ್ಗಿತು. ಸುರೇಬಾನದ ಸುತ್ತಲಿನ ಹೊಳೆದಂಡೆಯ ಹಳ್ಳಿಗಳಲ್ಲಿ ಮಣ್ಣಿನ ಗೋಡೆಗಳು ನೆನೆದು ಕುಸಿದವು. ನೇಕಾರರ ಮನೆಗಳಲ್ಲಿ ಮಗ್ಗದ ಕುಣಿಗಳು ಕೆಸರಿನಿಂದ ತುಂಬಿದವು. ನೀರು ಇಳಿದ ಮೇಲೆ ಬಿದ್ದ ಮನೆ, ವಾಲಿದ ಮನೆ, ಬೀಳದಿದ್ದರೂ ಇನ್ನು ಬಾಳಿಕೆ ಬರದು ಅನಿಸಿದ ಮನೆ, ಎಲ್ಲವುಗಳ ಮುಂದೆಯೂ ಒಂದೇ ಪ್ರಶ್ನೆ ನಿಂತಿತು. ತೊಲೆ, ಜಂತಿ, ಕಂಬ, ಬೋದಿಗೆ, ಚೌಕಟ್ಟು, ಮೂಲೆಗಲ್ಲು ಇವನ್ನೆಲ್ಲ ಒಂದೊಂದಾಗಿ ಬಿಚ್ಚಿ ಎತ್ತಿಡುವುದೋ, ಜೆಸಿಬಿ ತರಿಸಿ ಒಪ್ಪೊತ್ತಿನಲ್ಲಿ ನೆಲಸಮ ಮಾಡಿಸುವುದೋ?

ಇದೇ ಪ್ರಶ್ನೆಯನ್ನು ಇಂದು ನಗರ ಯೋಜಕರು, ಪರಿಸರ ವಿಜ್ಞಾನಿಗಳು, ಪರಂಪರೆಯ ಕಟ್ಟಡ ಉಳಿಸುವವರು, ಕಾಂಕ್ರೀಟ್ ತಂತ್ರಜ್ಞರು ತಮ್ಮ ತಮ್ಮ ರೀತಿಯಲ್ಲಿ ಕೇಳುತ್ತಿದ್ದಾರೆ. ಒಬ್ಬೊಬ್ಬರ ಉತ್ತರ ಒಂದೊಂದು ಬಗೆ. ಆ ಉತ್ತರಗಳನ್ನು ಎದುರುಬದುರು ಇಟ್ಟು, ಯಾವುದು ಏನನ್ನು ವಿವರಿಸುತ್ತದೆ, ಎಲ್ಲಿ ತಡವರಿಸುತ್ತದೆ ಎಂದು ನೋಡುವುದು ಈ ಬರಹದ ಕೆಲಸ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆ ಬಿಚ್ಚುವ ವಿದ್ಯೆಯನ್ನು ನಮ್ಮ ಭಾಗಕ್ಕೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಬಿಚ್ಚಲು ಬೇಕಾದ ದಿನಗಳೂ ಕೂಲಿಯೂ ಯಾರ ಲೆಕ್ಕದ ಪುಸ್ತಕದಲ್ಲೂ ಇಲ್ಲದಿರುವುದೇ ತೊಂದರೆ.

ಮಾಳಿಗೆ ಮನೆಯ ಮೈಕಟ್ಟು

ಸವದತ್ತಿ, ಬೈಲಹೊಂಗಲ, ರಾಮದುರ್ಗ ಕಡೆಯ ಹಳೆಯ ಮಾಳಿಗೆ ಮನೆಯನ್ನು ಕಟ್ಟಿದ ರೀತಿಯಲ್ಲೇ ಅದನ್ನು ಬಿಚ್ಚುವ ದಾರಿಯೂ ಇದೆ. ಕಲ್ಲಿನ ಅಡಿಪೀಠದ ಮೇಲೆ ಮರದ ಕಂಬ, ಕಂಬದ ನೆತ್ತಿಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆಯ ಸೀಳು, ಅದರ ಮೇಲೆ ಸೊಪ್ಪು ಕಡ್ಡಿ ಹಾಸಿ ದಪ್ಪಗೆ ಮೆತ್ತಿದ ಮಣ್ಣು. ಮರಕ್ಕೆ ಮರ ಕಚ್ಚಿಸಿ ಗೂಟ ಬಡಿದ ಜೋಡಣೆಯಾದ್ದರಿಂದ ಮೊಳೆ ಕಡಿಮೆ. ಗೋಡೆಯ ಕಲ್ಲುಗಳನ್ನು ಹಿಡಿದಿರುವುದು ಕೆಸರು, ಉಳ್ಳವರ ಮನೆಯಾದರೆ ಸುಣ್ಣದ ಗಚ್ಚು. ದೇಸಾಯರ ವಾಡೆಗಳಲ್ಲಿ ಸಾಗವಾನಿ ಕಂಬ, ಸಾಮಾನ್ಯರ ಮನೆಯಲ್ಲಿ ಬೇವು, ಜಾಲಿ. ಮರದ ಬೆಲೆ ಬದಲಾದರೂ ಕಟ್ಟುವ ಕ್ರಮ ಒಂದೇ.

ಬಿಚ್ಚುವಾಗ ಇದೇ ಕ್ರಮ ತಿರುಗುಮುರುಗು. ಮೊದಲು ಮಾಳಿಗೆಯ ಮಣ್ಣನ್ನು ಬುಟ್ಟಿಯಲ್ಲಿ ಇಳಿಸಬೇಕು. ಭಾರ ಹೋದ ಮೇಲೆ ಜಂತಿ ಸಡಿಲವಾಗುತ್ತವೆ, ನಂತರ ತೊಲೆ, ಕೊನೆಗೆ ಕಂಬ. ಹಳೆಯ ಗೋಡೆಯ ಮಣ್ಣು ಹೊಲಕ್ಕೆ ಗೊಬ್ಬರವಾಗಿ ಹೋಗುತ್ತಿತ್ತು. ಕಲ್ಲು ಹೊಸ ಮನೆಯ ಬುನಾದಿಗೆ, ತೊಲೆ ಹೊಸ ಪಡಸಾಲೆಗೆ, ಹುಳ ತಿಂದ ತುಂಡು ಒಲೆಗೆ. ತೊಲೆಯ ತುದಿ ಗೋಡೆಯೊಳಗೆ ಹೂತಿರುವ ಕಡೆ ಗೆದ್ದಲು ಮೊದಲು ಹತ್ತುತ್ತದೆ. ಅಲ್ಲಿಗೆ ಒಂದೆರಡು ಅಡಿ ಕೊಯ್ದು ತೆಗೆದರೆ ಉಳಿದದ್ದು ಚಿಕ್ಕ ಅಂಕಣಕ್ಕೆ ಸಲ್ಲುತ್ತದೆ. ಹೀಗೆ ಒಂದೇ ಮರ ಎರಡು ಮೂರು ತಲೆಮಾರಿನ ಮನೆಗಳನ್ನು ಹೊತ್ತು, ಪ್ರತಿ ಸಲವೂ ಸ್ವಲ್ಪ ಗಿಡ್ಡವಾಗುತ್ತ ಬರುತ್ತದೆ.

ಈ ಮನೆಗಳನ್ನು ಹೊಗಳಿ ನಿಲ್ಲಿಸುವುದು ಪ್ರಾಮಾಣಿಕವಾಗದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನ ಸತ್ತದ್ದು ಇಂಥದೇ ದಪ್ಪ ಕಲ್ಲುಮಣ್ಣಿನ ಗೋಡೆ ಮತ್ತು ಭಾರದ ಮಣ್ಣು ಮಾಳಿಗೆಯ ಕೆಳಗೆ. ಆದರೆ ಅಲ್ಲಿಗೆ ಹೋದ ಎಂಜಿನಿಯರುಗಳು ಇನ್ನೊಂದನ್ನೂ ಗಮನಿಸಿದರು: ಮಾಳಿಗೆಯನ್ನು ಮರದ ಕಂಬಗಳೇ ಹೊತ್ತಿದ್ದ ಕೆಲವು ಕಡೆ ಗೋಡೆಗಳು ಬಿದ್ದರೂ ಮರದ ಚೌಕಟ್ಟು ನಿಂತೇ ಇತ್ತು. ಗೋಡೆಯ ದೋಷವನ್ನು ಮರದ ತಲೆಗೆ ಕಟ್ಟಬಾರದು ಎಂಬುದಕ್ಕೆ ಇದು ಸಾಕ್ಷಿ. ಉಳಿಸಬೇಕಾದದ್ದು ಯಾವುದು, ಬಿಡಬೇಕಾದದ್ದು ಯಾವುದು ಎಂಬ ವಿವೇಚನೆ ಇಲ್ಲಿಂದ ಶುರುವಾಗುತ್ತದೆ.

ಹಂಪಿಯ ಕೊಳದ ಗುರುತುಗಳು

ಬಿಚ್ಚಿ ಸಾಗಿಸಿ ಮತ್ತೆ ಜೋಡಿಸುವ ಕೆಲಸಕ್ಕೆ ಕನ್ನಡ ನಾಡಿನ ಅತ್ಯಂತ ಸ್ಪಷ್ಟವಾದ ಪುರಾವೆ ಹಂಪಿಯ ರಾಜಪ್ರಾಂಗಣದಲ್ಲಿದೆ. 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲು ಕೊಳವನ್ನು ಇಂದು ಎಲ್ಲ ಪ್ರವಾಸಿಗರೂ ನೋಡುತ್ತಾರೆ. ಸುತ್ತಲಿನ ಹೆಚ್ಚಿನ ಕಟ್ಟಡಗಳು ಅಲ್ಲಿನದೇ ಕಣಶಿಲೆಯವಾದರೆ ಈ ಕೊಳ ನುಣುಪಾದ ಕಪ್ಪು ಕಲ್ಲಿನದು. ಅದರ ಕಲ್ಲುಗಳ ಮೇಲೆ ದಿಕ್ಕು, ಸಾಲು, ಸ್ಥಾನ ತಿಳಿಸುವ ಕನ್ನಡ ಗುರುತುಗಳಿವೆ. ಚಾಲುಕ್ಯರ ಕಾಲದ ಕೊಳವೊಂದನ್ನು ಬೇರೆಡೆಯಿಂದ ಬಿಚ್ಚಿ ತಂದು ಇಲ್ಲಿ ಕೂಡಿಸಿದ್ದಾರೆ ಎಂಬುದು ಇತಿಹಾಸಕಾರ ಫಿಲಿಪ್ ವ್ಯಾಗನರ್ ಅವರ ವಾದ. ಆ ವಾದವನ್ನು ಒಪ್ಪದವರಿಗೂ ಗುರುತುಗಳು ಒಂದು ಸಂಗತಿಯನ್ನಂತೂ ಹೇಳುತ್ತವೆ: ಕಲ್ಲನ್ನು ಎಣಿಸಿ ಬರೆದಿಟ್ಟು ಜೋಡಿಸುವ ಶಿಸ್ತು ಆಗಲೇ ಇತ್ತು.

ವಿಜಯಪುರದಲ್ಲಿ 1320ರ ಕರೀಮುದ್ದೀನ್ ಮಸೀದಿಯೊಳಗೆ ಹಳೆಯ ದೇವಾಲಯಗಳ ಕಂಬಗಳು ನಿಂತಿವೆ. ಇಂಥ ಮರುಬಳಕೆಯನ್ನು ಬಹುಕಾಲ ಎರಡೇ ರೀತಿಯಲ್ಲಿ ವಿವರಿಸುತ್ತಿದ್ದರು: ಒಂದೋ ಗೆದ್ದವರ ದರ್ಪ, ಇಲ್ಲವೇ ಸಾಮಗ್ರಿಯ ಅಭಾವ. ರಿಚರ್ಡ್ ಈಟನ್ ಮತ್ತು ವ್ಯಾಗನರ್ 2014ರಲ್ಲಿ ಪ್ರಕಟಿಸಿದ ದಖ್ಖನಿನ ಅಧ್ಯಯನ ಮೂರನೆಯದನ್ನು ಮುಂದಿಟ್ಟಿತು. 16ನೇ ಶತಮಾನದಲ್ಲಿ ವಿಜಯನಗರದವರೂ ವಿಜಯಪುರದವರೂ ಕಲ್ಯಾಣದ ಚಾಲುಕ್ಯರ ಕಂಬ, ಕಲ್ಲುಗಳನ್ನು ಹುಡುಕಿ ತಂದು ತಮ್ಮ ಮುಖ್ಯ ಜಾಗಗಳಲ್ಲಿ ನಿಲ್ಲಿಸಿದ್ದು ಚಾಲುಕ್ಯರ ಹಿರಿಮೆಗೆ ತಾವು ವಾರಸುದಾರರು ಎಂದು ತೋರಿಸಲಿಕ್ಕೆ. ಮರುಬಳಕೆಯ ಹಿಂದೆ ದುಡ್ಡಿನ ಉಳಿತಾಯವೊಂದೇ ಇರುತ್ತದೆ ಎಂದುಕೊಂಡವರು ಈ ವಾದವನ್ನು ಎದುರಿಸಲೇಬೇಕು.

ಇದೆಲ್ಲ ಸಾಧ್ಯವಾದದ್ದು ಕಲ್ಲು, ಇಟ್ಟಿಗೆಗಳನ್ನು ಹಿಡಿದಿದ್ದ ಬಂಧ ಮೃದುವಾಗಿದ್ದರಿಂದ. ಸುಣ್ಣದ ಗಚ್ಚು ಇಟ್ಟಿಗೆಗಿಂತ ದುರ್ಬಲ. ಸುತ್ತಿಗೆಯಿಂದ ತಟ್ಟಿದರೆ ಗಚ್ಚು ಉದುರಿ ಇಟ್ಟಿಗೆ ಇಡಿಯಾಗಿ ಬರುತ್ತದೆ. ಸಿಮೆಂಟಿನ ಗಾರೆಯಲ್ಲಿ ಇದು ತಲೆಕೆಳಗು. ಇಟ್ಟಿಗೆಯೇ ಒಡೆಯುತ್ತದೆ, ಗಾರೆ ಬಿಡುವುದಿಲ್ಲ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆ್ಯಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರ ಅಕ್ಟೋಬರ್ 21ರಂದು. ಎರಡು ದಿನ ಕಳೆದು, ಅಕ್ಟೋಬರ್ 23ರಂದು, ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತ. ನಮ್ಮ ನಾಡಿನ ನೆನಪಿನಲ್ಲಿ ಎರಡನೆಯದಕ್ಕೆ ಇರುವ ಜಾಗ ಸರಿಯಾದದ್ದೇ. ಆದರೆ ಕಿತ್ತೂರಿನಿಂದ ಸುರೇಬಾನದವರೆಗಿನ ಮನೆಗಳ ಹಣೆಬರಹವನ್ನು ನಿಧಾನವಾಗಿ ಬದಲಿಸಿದ್ದು ಮೊದಲನೆಯದು.

ಅಣೆಕಟ್ಟಿನ ದಶಕಗಳು

ಸ್ವಾತಂತ್ರ್ಯಾನಂತರ ಇಡೀ ಊರುಗಳನ್ನು ಒಮ್ಮೆಲೇ ಬಿಚ್ಚಬೇಕಾದ ಪ್ರಸಂಗ ತಂದದ್ದು ಅಣೆಕಟ್ಟುಗಳು. 1970ರ ದಶಕದ ಆರಂಭದಲ್ಲಿ ನವಿಲುತೀರ್ಥದ ರೇಣುಕಾ ಸಾಗರ ತುಂಬಿತು. ಮುಂದೆ ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳನ್ನೂ ಕೃಷ್ಣೆ, ಘಟಪ್ರಭೆಗಳ ದಂಡೆಯ ಹಳ್ಳಿಗಳನ್ನೂ ನುಂಗಿ ನವನಗರ ಎದ್ದಿತು. ಮುಳುಗಡೆಯ ಊರಿನಿಂದ ಹೊರಟ ಬಂಡಿ, ಟ್ರ್ಯಾಕ್ಟರುಗಳಲ್ಲಿ ಕಾಳಿನ ಚೀಲದ ಜೊತೆ ಕದ, ಚೌಕಟ್ಟು, ತೊಲೆಗಳೂ ಹೋದವು. ಪುನರ್ವಸತಿ ಬಡಾವಣೆಯ ಸಿಮೆಂಟ್ ಗೋಡೆಯಲ್ಲಿ ಕೆತ್ತನೆಯ ಹಳೆಯ ಬಾಗಿಲು ಕೂತಿರುವ ನೋಟ ಆ ಸೀಮೆಯಲ್ಲಿ ಅಪರೂಪವೇನಲ್ಲ.

ಸರ್ಕಾರಿ ಕಾಗದಗಳಿಗೂ ಈ ವ್ಯತ್ಯಾಸ ಗೊತ್ತು. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯ 15ನೇ ಅಧ್ಯಾಯದಲ್ಲಿ ಕೆಡವುವ ಕೆಲಸಕ್ಕೂ, ಭಾಗಗಳಿಗೆ ಪೆಟ್ಟಾಗದಂತೆ ಬಿಚ್ಚಿ ಬಳಸಬಲ್ಲ ಸಾಮಗ್ರಿಯನ್ನು ಒಪ್ಪವಾಗಿ ಪೇರಿಸಿಡುವ ಕೆಲಸಕ್ಕೂ ಬೇರೆ ಬೇರೆ ಬಾಬುಗಳಿವೆ. ದಶಕಗಳಿಂದ ಇರುವ ಈ ಬಾಬುಗಳು ಹಳೆಯ ಶಾಲೆ, ಕಚೇರಿ ಕಟ್ಟಡಗಳಿಗೆ ಅನ್ವಯವಾಗುತ್ತವೆ. ಬಡವನ ಮನೆಗೆ ಯಾರೂ ಅವನ್ನು ಅನ್ವಯಿಸಿ ದರ ಕೊಟ್ಟಿಲ್ಲ.

ಶಕ್ತಿಯ ಲೆಕ್ಕ ಹಿಡಿದವರು

ಈಗ ಚರ್ಚೆಯ ಮುಖ್ಯ ಪಂಥಗಳಿಗೆ ಬರೋಣ. ಇಂದು ಜಗತ್ತಿನಲ್ಲಿ ಹೆಚ್ಚು ಕೇಳಿಬರುವ ದನಿ ಪರಿಸರದ್ದು. ಸಿಮೆಂಟ್ ತಯಾರಿಕೆಯೊಂದೇ ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಶೇ. 7ರಿಂದ 8ರಷ್ಟಕ್ಕೆ ಕಾರಣ. ಆದ್ದರಿಂದ ಈಗಾಗಲೇ ಸುಟ್ಟು, ಕರಗಿಸಿ, ಸಾಗಿಸಿ ಮುಗಿದ ಸಾಮಗ್ರಿಯನ್ನು ಕಸಕ್ಕೆ ಹಾಕಿ ಹೊಸದನ್ನು ತಯಾರಿಸುವುದು ಎರಡು ಪಟ್ಟು ನಷ್ಟ ಎನ್ನುತ್ತದೆ ಈ ಪಂಥ.

ಈ ಲೆಕ್ಕಕ್ಕೆ ಭಾರತದ ಅಂಕಿಗಳನ್ನು ಕೊಟ್ಟವರು ನಮ್ಮ ರಾಜ್ಯದವರೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೋಶ ಆರಂಭವಾಯಿತು. ಅದೇ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಒಂದು ಸುಟ್ಟ ಇಟ್ಟಿಗೆಗೆ 4.25 ಮೆಗಾಜೂಲ್, ಒಂದು ಕಿಲೋ ಸಿಮೆಂಟಿಗೆ 5.85, ಒಂದು ಕಿಲೋ ಉಕ್ಕಿಗೆ 42 ಮೆಗಾಜೂಲ್ ಶಕ್ತಿ ಖರ್ಚಾಗುತ್ತದೆ. 20,000 ಇಟ್ಟಿಗೆಯ ಮನೆಯನ್ನು ಪುಡಿ ಮಾಡಿದರೆ 85,000 ಮೆಗಾಜೂಲ್ ಮಣ್ಣುಪಾಲು. ಹೆಚ್ಚುಕಡಿಮೆ ಎರಡು ಟನ್ ಉಕ್ಕು ತಯಾರಿಸಲು ಬೇಕಾಗುವಷ್ಟು ಶಕ್ತಿ ಅದು.

ಈ ಲೆಕ್ಕವನ್ನು ಸುರೇಬಾನದ ಮಣ್ಣಿನ ಮನೆಗೆ ತಂದರೆ ಒಂದು ಸೂಕ್ಷ್ಮ ಎದುರಾಗುತ್ತದೆ. ಹಸಿ ಮಣ್ಣಿನ ಗೋಡೆಯನ್ನು ಯಾವ ಭಟ್ಟಿಯಲ್ಲೂ ಸುಟ್ಟಿಲ್ಲ. ಅದು ಬಿದ್ದರೆ ಶಕ್ತಿಯ ಲೆಕ್ಕದಲ್ಲಿ ಹೋಗುವುದು ತೀರ ಕಡಿಮೆ. ನಿಜವಾದ ಹೊರೆ ಬರುವುದು ಅದರ ಜಾಗದಲ್ಲಿ ಏಳುವ ಮನೆಯಿಂದ: ಆರ್‌ಸಿಸಿ ಛತ್ತು, ಸುಟ್ಟ ಇಟ್ಟಿಗೆ, ಕಬ್ಬಿಣದ ಸರಳು. ಆದ್ದರಿಂದ ಇಲ್ಲಿ ಕೇಳಬೇಕಾದ ಪ್ರಶ್ನೆ, ಬಿಚ್ಚಿ ತೆಗೆದ ತೊಲೆ ಜಂತಿಗಳು ಹೊಸ ಮನೆಯಲ್ಲಿ ಎಷ್ಟು ಕಾಂಕ್ರೀಟನ್ನು ತಪ್ಪಿಸುತ್ತವೆ ಎಂಬುದು. ಹಳೆಯ ಬಾಗಿಲನ್ನು ಮೋಜಿಗೆ ಗೋಡೆಗೆ ಆನಿಸಿಟ್ಟು ಪಕ್ಕದಲ್ಲೇ ಪೂರಾ ಕಾಂಕ್ರೀಟ್ ಮನೆ ಕಟ್ಟಿದರೆ ಶಕ್ತಿಯ ಲೆಕ್ಕದಲ್ಲಿ ಉಳಿತಾಯವೇನೂ ಇಲ್ಲ. ಪರಿಸರದ ಹೆಸರಲ್ಲಿ ಮಾತಾಡುವವರು ಈ ಪ್ರಶ್ನೆಯನ್ನು ಸಾಕಷ್ಟು ಗಟ್ಟಿಯಾಗಿ ಕೇಳುತ್ತಿಲ್ಲ ಎಂಬುದು ನನ್ನ ದೂರು.

ಪುಡಿ ಮಾಡಿ ಬಳಸೋಣ ಎನ್ನುವವರು

ಎರಡನೆಯ ಪಂಥಕ್ಕೆ ಬಿಚ್ಚುವ ತಾಳ್ಮೆ ಬೇಡ. ಕಟ್ಟಡವನ್ನು ಕೆಡವಿ, ಅವಶೇಷವನ್ನು ಘಟಕಕ್ಕೆ ಸಾಗಿಸಿ, ಪುಡಿ ಮಾಡಿ ಜಲ್ಲಿ, ಮರಳಿನ ಬದಲಿಗೆ ಬಳಸಿದರೆ ಸಾಕು ಎನ್ನುತ್ತದೆ. ದೆಹಲಿಯ ಬುರಾಡಿಯಲ್ಲಿ 2009ರಲ್ಲಿ ಇಂಥ ಘಟಕ ಶುರುವಾಯಿತು, ಬೆಂಗಳೂರಿನ ಚಿಕ್ಕಜಾಲದಲ್ಲೂ ಒಂದಿದೆ. ಕೇಂದ್ರ ಸರ್ಕಾರದ 2016ರ ನಿಯಮಗಳು ದಿನಕ್ಕೆ 20 ಟನ್ ಅಥವಾ ಒಂದು ಕಾಮಗಾರಿಯಲ್ಲಿ ತಿಂಗಳಿಗೆ 300 ಟನ್‌ಗಿಂತ ಹೆಚ್ಚು ಅವಶೇಷ ಹೊರಹಾಕುವವರು ಅದನ್ನು ಕಾಂಕ್ರೀಟು, ಮಣ್ಣು, ಉಕ್ಕು-ಮರ-ಪ್ಲಾಸ್ಟಿಕ್, ಇಟ್ಟಿಗೆ-ಗಾರೆ ಎಂದು ಬೇರ್ಪಡಿಸಬೇಕು ಎಂದವು. ಅದೇ ವರ್ಷ ಪರಿಷ್ಕೃತವಾದ ಐಎಸ್ 383 ಮಾನಕ ಮರುಬಳಕೆಯ ಜಲ್ಲಿಯನ್ನು ಸರಳಿಲ್ಲದ ಕಾಂಕ್ರೀಟಿನಲ್ಲಿ ಶೇ. 25ರವರೆಗೆ, ಎಂ25 ದರ್ಜೆ ಮೀರದ ಸರಳು ಕಾಂಕ್ರೀಟಿನಲ್ಲಿ ಶೇ. 20ರವರೆಗೆ ಬಳಸಬಹುದು ಎಂದಿತು. 2025ರಲ್ಲಿ ಪ್ರಕಟವಾಗಿ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವ ಹೊಸ ನಿಯಮಗಳು 20,000 ಚದರ ಮೀಟರಿಗೂ ದೊಡ್ಡ ಕಾಮಗಾರಿಗಳ ಮೇಲೆ ಮರುಬಳಕೆಯ ಗುರಿ ಹೊರಿಸುತ್ತವೆ.

ನಗರದ ಕಾಂಕ್ರೀಟ್ ಕಟ್ಟಡಗಳಿಗೆ ಸದ್ಯಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂಬುದನ್ನು ಒಪ್ಪಬೇಕು. ಕೆರೆಯ ಒಡಲಿಗೆ, ರಸ್ತೆಯ ಬದಿಗೆ ಸುರಿಯುವುದಕ್ಕಿಂತ ಪುಡಿ ಮಾಡುವುದು ಎಷ್ಟೋ ಮೇಲು. ಆದರೆ ಕೆತ್ತಿದ ಮೂಲೆಗಲ್ಲನ್ನು ಜಲ್ಲಿ ಮಾಡಿ, ಇಡಿಯಾಗಿ ಬರಬಹುದಾಗಿದ್ದ ಇಟ್ಟಿಗೆಯನ್ನು ಪುಡಿಗೆ ಹಾಕಿ ‘ಮರುಬಳಕೆ’ಯ ಅಂಕಿ ತೋರಿಸುವುದು ವಸ್ತುವಿನ ಬೆಲೆಯನ್ನು ಅರಿಯದ ಕೆಲಸ. ನಿಯಮಗಳ ದೃಷ್ಟಿಯಲ್ಲಿ ಎರಡಕ್ಕೂ ಹೆಚ್ಚಿನ ಅಂತರ ಕಾಣುವುದಿಲ್ಲ. ಮೇಲಾಗಿ 20,000 ಚದರ ಮೀಟರಿನ ಈ ಜಗತ್ತಿನೊಳಗೆ ರಾಮದುರ್ಗದ ಪುರಸಭೆಯಾಗಲಿ ಸುರೇಬಾನದ ಪಂಚಾಯತಿಯಾಗಲಿ ಬರುವುದೇ ಇಲ್ಲ.

ಎತ್ತಿ ಬೇರೆಡೆ ನಿಲ್ಲಿಸಿದವರು

ಮೂರನೆಯ ಪಂಥ ಪರಂಪರೆಯದು. ಮಣಿಪಾಲದ ವಿಜಯನಾಥ ಶೆಣೈ ಬ್ಯಾಂಕಿನ ಉದ್ಯೋಗದಲ್ಲಿದ್ದವರು. ಕೆಡವಲು ಸಿದ್ಧವಾದ ಹಳೆಯ ಮನೆಗಳ ಕಂಬ, ಕಿಟಕಿ, ಬಾಗಿಲುಗಳನ್ನು ತಂದು ಮೊದಲು ತಮ್ಮ ಮನೆ ಕಟ್ಟಿಕೊಂಡರು. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿಸಿ ತಂದು ಹಸ್ತಶಿಲ್ಪ ಟ್ರಸ್ಟಿನ ಪರಂಪರೆ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಕರಾವಳಿಯ ಮಿಯಾರು, ಕುಂಜೂರುಗಳ ಮನೆಗಳ ಜೊತೆಗೆ ನಮ್ಮ ಕಡೆಯ ಕುಕನೂರಿನ ಕಮಲ ಮಹಲ್, ಮುಧೋಳದ ಅರಮನೆಯ ದರ್ಬಾರ್ ಸಭಾಂಗಣ ಅಲ್ಲಿವೆ. 2017ರಲ್ಲಿ ಅವರು ತೀರಿಕೊಂಡರು. ಚೆನ್ನೈ ಬಳಿ 1996ರಲ್ಲಿ ತೆರೆದ ದಕ್ಷಿಣಚಿತ್ರ ವಸ್ತುಸಂಗ್ರಹಾಲಯದ ಕರ್ನಾಟಕ ವಿಭಾಗದಲ್ಲಿ ಇಳಕಲ್ಲಿನ ನೇಕಾರರ ಮನೆಯಿದೆ. ಕೃಷ್ಣರಾಜಸಾಗರದಲ್ಲಿ ಮುಳುಗಿ, ನೀರು ಇಳಿದಾಗಲಷ್ಟೇ ತಲೆ ತೋರುತ್ತಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಖೋಡೆ ಪ್ರತಿಷ್ಠಾನ ಈ ಶತಮಾನದ ಆರಂಭದಲ್ಲಿ ಕಲ್ಲು ಕಲ್ಲಿಗೂ ಗುರುತು ಹಾಕಿಸಿ ಬಿಚ್ಚಿಸಿ, ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿಸಿತು. ಹಂಪಿಯ ಕೊಳದ ಶಿಸ್ತು ಇಲ್ಲಿ ಛಾಯಾಚಿತ್ರಗಳ ನೆರವಿನೊಡನೆ ಮರುಕಳಿಸಿತು.

ಸಂರಕ್ಷಣಾ ತಜ್ಞರಲ್ಲಿ ಇದಕ್ಕೆ ಎಲ್ಲರ ಒಪ್ಪಿಗೆಯಿಲ್ಲ. 1964ರ ವೆನಿಸ್ ಸನ್ನದಿನ 7ನೇ ವಿಧಿ ಸ್ಮಾರಕವನ್ನು ಅದರ ಪರಿಸರದಿಂದ ಬೇರ್ಪಡಿಸಬಾರದು, ರಕ್ಷಣೆಗೆ ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಸ್ಥಳಾಂತರ ಎನ್ನುತ್ತದೆ. ಅವರ ಮಾತಿನಲ್ಲಿ ತಿರುಳಿದೆ. ಇಳಕಲ್ಲಿನ ಮನೆಯ ಮುಂದೆ ಇಳಕಲ್ಲಿನ ಓಣಿ ಇಲ್ಲ, ಬಿಸಿಲೂ ಬೇರೆ, ಒಳಗೆ ಬದುಕುವವರೂ ಇಲ್ಲ. ಇದಕ್ಕೆದುರಾಗಿ ಶಿರಸಂಗಿಯ ಲಿಂಗರಾಜ ದೇಸಾಯಿಯವರ ವಾಡೆ ಇದ್ದಲ್ಲೇ ಉಳಿದಿದೆ. ಆದರೆ ತನ್ನ ಆಸ್ತಿಯನ್ನೇ ವಿದ್ಯೆಗೆ ಬಿಟ್ಟುಕೊಟ್ಟ ಹಿರಿಯನ ಹೆಸರು ಅದರ ಬೆನ್ನಿಗಿತ್ತು. ಹೆಸರಿಲ್ಲದ ನೂರಾರು ಮನೆಗಳಿಗೆ ಆ ಆಸರೆ ಇಲ್ಲ. ಅವುಗಳ ಮುಂದೆ ಇರುವುದು ಜೆಸಿಬಿ ಅಥವಾ ಬಿಚ್ಚುವ ಕೈಗಳು ಮಾತ್ರ. ಹಾಗಾಗಿ ನಾನು ಶೆಣೈಯವರ ಕಡೆಗೇ ವಾಲುತ್ತೇನೆ. ಆದರೂ ಅವರ ದಾರಿ ಉಳಿಸುವುದು ಹತ್ತಾರು ಮನೆಗಳನ್ನು. ನೆರೆ ಬಂದ ಒಂದು ತಾಲ್ಲೂಕಿನ ಪ್ರಶ್ನೆಗೆ ಅದು ಉತ್ತರವಾಗಲಾರದು.

ಕಂಬದ ಬೆಲೆ, ಕೂಲಿಯ ಬೆಲೆ

ಪಂಥವೆಂದು ಹೆಸರಿಲ್ಲದಿದ್ದರೂ ಎಲ್ಲಕ್ಕಿಂತ ಹೆಚ್ಚು ಮನೆಗಳನ್ನು ಬಿಚ್ಚಿದ್ದು ವ್ಯಾಪಾರ. ಹಳೆಯ ಕಟ್ಟಿಗೆಯ ವ್ಯಾಪಾರಿ ಊರಿಗೆ ಬಂದು, ವಾಡೆ ನೋಡಿ, ಮೊತ್ತ ಮಾತಾಡಿ, ತನ್ನ ಆಳುಗಳಿಂದ ಬಿಚ್ಚಿಸಿ ಒಯ್ಯುತ್ತಾನೆ. ಕೆತ್ತನೆಯ ಕಂಬಗಳು ಬೆಂಗಳೂರು, ಮುಂಬಯಿ, ಕಾರೈಕುಡಿಯ ಅಂಗಡಿಗಳನ್ನು ಸೇರಿ ಹೋಟೆಲು, ರೆಸಾರ್ಟು, ಹಣವಂತರ ಪಡಸಾಲೆಗಳಲ್ಲಿ ನಿಲ್ಲುತ್ತವೆ. ವಸ್ತು ನಾಶವಾಗುವುದಿಲ್ಲ ಎಂಬುದು ಇದರ ಸಾಧನೆ. ಮಾರಿದವನಿಗೆ ಅದರ ನಿಜ ಬೆಲೆ ತಿಳಿದಿರುವುದಿಲ್ಲ ಎಂಬುದು ಇದರ ಅನ್ಯಾಯ. ಊರಿನ ಮರ 400 ಕಿಲೋಮೀಟರಿಗೂ ಆಚೆ ಹೋದ ಮೇಲೆ ಊರಿನವನು ಹೊಸ ಮನೆಗೆ ಕಬ್ಬಿಣ, ಸಿಮೆಂಟು ಕೊಳ್ಳುತ್ತಾನೆ. ಪರಿಸರದ ಲೆಕ್ಕ ಇಲ್ಲಿ ಪೂರ್ತಿ ಕೆಡುತ್ತದೆ. 1972ರ ಪ್ರಾಚ್ಯವಸ್ತು ಕಾಯ್ದೆ ನೂರು ವರ್ಷ ದಾಟಿದ, ಕಟ್ಟಡದಿಂದ ಕಿತ್ತು ತೆಗೆದ ವಸ್ತುವನ್ನೂ ಪ್ರಾಚ್ಯವಸ್ತುವೆಂದೇ ಎಣಿಸಿ ಖಾಸಗಿಯವರು ಅದನ್ನು ವಿದೇಶಕ್ಕೆ ಕಳಿಸುವುದನ್ನು ತಡೆಯುತ್ತದೆ. ದೇಶದೊಳಗೆ ಕೈಯಿಂದ ಕೈಗೆ ದಾಟುವ ಸಾದಾ ತೊಲೆ, ಚೌಕಟ್ಟುಗಳತ್ತ ಯಾರ ಗಮನವೂ ಇಲ್ಲ.

ಇನ್ನು ಕೂಲಿ. ಮನೆ ಬಿಚ್ಚುವುದು ಅಪಾಯದ ಕೆಲಸ. ಕೆಡವುವಾಗಿನ ಸುರಕ್ಷತೆಗೆ ಐಎಸ್ 4130 ಎಂಬ ಮಾನಕವಿದೆ. ಹಳ್ಳಿಯಲ್ಲಿ ಮಾಳಿಗೆ ಏರಿ ಮಣ್ಣು ಇಳಿಸುವವನಿಗೆ ಅದರ ಹೆಸರೂ ಮುಟ್ಟಿಲ್ಲ. ದೂಳಿನಿಂದ ಎದೆಬೇನೆ, ಜಾರಿದರೆ ಸೊಂಟ, ಹಳೆಯ ಸಿಮೆಂಟ್ ತಗಡಿನಲ್ಲಿ ಕಲ್ನಾರು. ಯಾವ ತೊಲೆ ಯಾವುದಕ್ಕೆ ಆತುಕೊಂಡಿದೆ, ಯಾವ ಗೂಟ ಮೊದಲು ತೆಗೆಯಬೇಕು ಎಂದು ಕಣ್ಣಳತೆಯಲ್ಲೇ ಹೇಳಬಲ್ಲ ಬಡಿಗೇರರು, ಗೌಂಡಿಗಳು ಕಡಿಮೆಯಾಗುತ್ತಿದ್ದಾರೆ. ಅವರ ಮಕ್ಕಳು ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದಾರೆ. ಮರುಬಳಕೆಯ ಬಗ್ಗೆ ಬರೆಯುವವರು ವಸ್ತುವನ್ನು ಎಣಿಸಿದಷ್ಟು ಈ ಜನರನ್ನು ಎಣಿಸಿಲ್ಲ.

ಬಿಚ್ಚಲೆಂದೇ ಕಟ್ಟುವುದು

ಇತ್ತೀಚಿನ ಇನ್ನೊಂದು ಚಿಂತನೆ ಕಟ್ಟುವ ದಿನವೇ ಬಿಚ್ಚುವ ದಿನವನ್ನು ಯೋಚಿಸಬೇಕು ಎನ್ನುತ್ತದೆ. ಬೆಸುಗೆಯ ಬದಲು ಬೋಲ್ಟು, ಸಿಮೆಂಟ್ ಗಾರೆಯ ಬದಲು ಸುಣ್ಣ, ಎರಕದ ಬದಲು ಜೋಡಣೆ. ಜಪಾನಿನ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಿ ಹಳೆಯ ಮರವನ್ನು ಬೇರೆ ದೇಗುಲಗಳಿಗೆ ಹಂಚುತ್ತಾರೆ. ಕೊನೆಯ ಸಲ ಹೀಗಾದದ್ದು 2013ರಲ್ಲಿ. ಬ್ರಸೆಲ್ಸಿನ ರೋಟರ್ ಎಂಬ ಗುಂಪು ಕೆಡವಲಿರುವ ಕಚೇರಿಗಳಿಂದ ಹಂಚು, ದೀಪ, ಬಾಗಿಲು ಬಿಚ್ಚಿ ಮಾರುತ್ತದೆ. ಕಾನೂನಿನ ದಾರಿ ಹಿಡಿದದ್ದು ಅಮೆರಿಕದ ಪೋರ್ಟ್‌ಲ್ಯಾಂಡ್ ನಗರ. ಅಲ್ಲಿ 2016ರಲ್ಲಿ ಬಂದ ನಿಯಮದ ಪ್ರಕಾರ 1916 ಅಥವಾ ಅದಕ್ಕೂ ಹಿಂದಿನ ಮನೆಗಳನ್ನು ಯಂತ್ರದಿಂದ ಕೆಡವುವಂತಿಲ್ಲ, ಕೈಯಿಂದಲೇ ಬಿಚ್ಚಬೇಕು. 2020ರಿಂದ ಇದನ್ನು 1940ರವರೆಗಿನ ಮನೆಗಳಿಗೂ ವಿಸ್ತರಿಸಿದರು. ಕೆಲಸಗಾರರಿಗೆ ತರಬೇತಿ ಕೊಟ್ಟು ಪ್ರಮಾಣಪತ್ರ ನೀಡಿದರು. ನನಗೆ ಮುಖ್ಯವೆನಿಸುವುದು ಈ ಕೊನೆಯ ಅಂಶ. ಆ ನಗರ ಬಿಚ್ಚುವ ಕೆಲಸವನ್ನು ಒಂದು ಕಸುಬೆಂದು ಒಪ್ಪಿಕೊಂಡಿತು.

ಈ ಚಿಂತನೆ ನಮ್ಮ ಮಾಳಿಗೆ ಮನೆಗೆ ಹೊಸದೇನನ್ನೂ ಹೇಳುವುದಿಲ್ಲ. ಕಷ್ಟವಿರುವುದು ಈಚೆಗೆ ಕಟ್ಟಿದ ಮನೆಗಳಲ್ಲಿ. ಜನತಾ ಮನೆ, ಆಶ್ರಯ ಮನೆಗಳಿಂದ ಹಿಡಿದು ನೆರೆಯ ನಂತರದ ಮನೆಗಳವರೆಗೆ ಛತ್ತು, ತೊಲೆ, ಕಂಬ ಒಂದೇ ಎರಕ. ಅವು ಹಳತಾದಾಗ ಕೈಗೆ ಬರುವುದು ಸರಳಿನ ಗುಜರಿ ಮತ್ತು ಕೆಲವು ಕಿಟಕಿಗಳಷ್ಟೇ.

ಪರಿಹಾರದ ಗಡುವು

2019ರ ನೆರೆಯ ನಂತರ ರಾಜ್ಯ ಸರ್ಕಾರ ಹಾನಿಯನ್ನು ಮೂರು ವರ್ಗ ಮಾಡಿತು. ಶೇ. 75ಕ್ಕಿಂತ ಹೆಚ್ಚು ಹಾನಿಯಾದದ್ದು ‘ಎ’, ಅದಕ್ಕಿಂತ ಕಡಿಮೆ ‘ಬಿ’, ಅಲ್ಪ ಹಾನಿ ‘ಸಿ’. ‘ಎ’ ವರ್ಗಕ್ಕೆ 5 ಲಕ್ಷ ರೂಪಾಯಿ, ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ, ಮನೆ ಏರಿದ ಹಂತಕ್ಕೆ ತಕ್ಕಂತೆ ಕಂತುಗಳಲ್ಲಿ. ಮನೆ ಕಳೆದುಕೊಂಡವರಿಗೆ ಈ ಹಣ ದೊಡ್ಡ ಆಸರೆ, ಅದನ್ನು ಕಿರಿದು ಮಾಡಿ ಹೇಳಲಾರೆ. ಆದರೆ ಈ ಕ್ರಮದೊಳಗೆ ಬಿಚ್ಚುವಿಕೆಗೆ ವಿರುದ್ಧವಾದ ಒತ್ತಡಗಳು ಹುದುಗಿವೆ. ಸಮೀಕ್ಷೆಯವರು ಬಂದು ನೋಡುವ ತನಕ ಬಿದ್ದದ್ದನ್ನು ಮುಟ್ಟಲು ಅಂಜಿಕೆ, ಅಷ್ಟರಲ್ಲಿ ಕೆಸರಿನಲ್ಲಿ ನೆನೆದ ಜಂತಿಗೆ ಹುಳ. ಅರ್ಧ ಬಿದ್ದ ಮನೆಯನ್ನು ಜತನವಾಗಿ ಉಳಿಸಿಕೊಂಡವನಿಗಿಂತ ಪೂರ್ತಿ ಬಿದ್ದವನಿಗೆ ಹೆಚ್ಚು ಮೊತ್ತ. ಮುಂದಿನ ಕಂತು ಬರಬೇಕಾದರೆ ಬುನಾದಿ ಬೇಗ ಏಳಬೇಕು, ಬುನಾದಿಗೆ ಜಾಗ ಬೇಗ ತೆರವಾಗಬೇಕು. ವಾರಗಟ್ಟಲೆ ಹಿಡಿಯುವ ಬಿಚ್ಚುವ ಕೆಲಸಕ್ಕೆ ಇಲ್ಲಿ ಎಡೆ ಎಲ್ಲಿದೆ?

ಇದನ್ನು ಸರಿಪಡಿಸುವುದು ದೊಡ್ಡ ಕ್ರಾಂತಿಯೇನಲ್ಲ. ಸಮೀಕ್ಷೆಯ ದಿನವೇ ಬಳಸಬಲ್ಲ ಸಾಮಗ್ರಿಯ ಪಟ್ಟಿ ಮಾಡಿ, ಅದನ್ನು ಎತ್ತಿಟ್ಟರೆ ಪರಿಹಾರ ಕಡಿಮೆಯಾಗದು ಎಂದು ಬರೆದುಕೊಡಬೇಕು. ಬಿಚ್ಚುವ ಕೂಲಿಯನ್ನು ಉದ್ಯೋಗ ಖಾತರಿಯಂಥ ಯಾವುದಾದರೂ ಲೆಕ್ಕಶೀರ್ಷಿಕೆಯಲ್ಲಿ ಕೊಡಬೇಕು. ಬಿಚ್ಚಿದ ಮರ ಒಣಗಲು ಪಂಚಾಯತಿ ಒಂದು ತಗಡಿನ ಚಪ್ಪರ ಹಾಕಿಸಬೇಕು. ಹೊಸ ಮನೆಯ ನಕ್ಷೆಯಲ್ಲಿ ಹಳೆಯ ತೊಲೆಗೆ ಒಂದು ಅಂಕಣ ಮೀಸಲಿಡಲು ಎಂಜಿನಿಯರು ಒಪ್ಪಬೇಕು.

ಬಗೆಹರಿಯದೆ ಉಳಿದವು

ಕೆಲವು ಪ್ರಶ್ನೆಗಳಿಗೆ ಯಾವ ಪಂಥದ ಬಳಿಯೂ ಪೂರ್ಣ ಉತ್ತರವಿಲ್ಲ. ದಿನಗಟ್ಟಲೆ ನೆರೆಯ ನೀರಿನಲ್ಲಿ ನಿಂತ ಬೇವಿನ ಜಂತಿ ಒಣಗಿದ ಮೇಲೆ ಎಷ್ಟು ಭಾರ ತಡೆಯಬಲ್ಲದು? ಬಡಿಗೇರ ಬಡಿದು ನೋಡಿ, ದನಿ ಕೇಳಿ ತೀರ್ಮಾನಿಸುತ್ತಾನೆ. ಎಂಜಿನಿಯರು ಒಪ್ಪಬಲ್ಲ, ಊರಮಟ್ಟದಲ್ಲೇ ಮಾಡಬಹುದಾದ ಸರಳ ಪರೀಕ್ಷೆ ಬೇಕಾಗಿದೆ. ಮನೆ ಒಡೆದು ಪಾಲಾದ ಕುಟುಂಬಗಳಲ್ಲಿ ನಡುಪಡಸಾಲೆಯ ಕಂಬ ಯಾವ ಅಣ್ಣತಮ್ಮನದು ಎಂಬ ಜಗಳ ಬಂದರೆ ಬಿಚ್ಚುವ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕೆಡವುವುದಕ್ಕೆ ಎಲ್ಲರೂ ಒಪ್ಪುತ್ತಾರೆ, ಹಂಚಿಕೆಗೆ ಒಪ್ಪುವುದಿಲ್ಲ. ಹಳೆಯ ಹೊಸ್ತಿಲನ್ನು ಹೊಸ ಮನೆಗೆ ತರಬಾರದು ಎನ್ನುವವರೂ, ತಂದೇ ತೀರಬೇಕು ಎನ್ನುವವರೂ ಒಂದೇ ಓಣಿಯಲ್ಲಿದ್ದಾರೆ. ಮಣ್ಣಿನ ಗೋಡೆಯನ್ನು ನೆರೆಗೂ ನಡುಕಕ್ಕೂ ತಡೆಯುವಂತೆ ಗಟ್ಟಿಗೊಳಿಸಿ ಉಳಿಸುವುದೋ, ಮರವನ್ನಷ್ಟೇ ತೆಗೆದುಕೊಂಡು ಗೋಡೆಯನ್ನು ಬಿಟ್ಟುಬಿಡುವುದೋ ಎಂಬುದರಲ್ಲಿ ತಂತ್ರಜ್ಞರು ಒಮ್ಮತಕ್ಕೆ ಬಂದಿಲ್ಲ. ಕಾಂಕ್ರೀಟ್ ಮನೆಗಳನ್ನು ಕಡಿಮೆ ಖರ್ಚಿನಲ್ಲಿ ಬಿಚ್ಚುವ ದಾರಿ ಎಲ್ಲೂ ಸಿದ್ಧಿಸಿಲ್ಲ.

ಎಲ್ಲಕ್ಕಿಂತ ತುರ್ತಾದದ್ದು ಪಕ್ಕದ ಜಿಲ್ಲೆಯಲ್ಲಿ ಕಾದಿದೆ. ಆಲಮಟ್ಟಿಯ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಇನ್ನೂ 20 ಹಳ್ಳಿಗಳೂ ಬಾಗಲಕೋಟೆಯ ಕೆಲವು ಭಾಗಗಳೂ ಮುಳುಗುತ್ತವೆ. ಎಕರೆಗೆ ಎಷ್ಟು, ನಿವೇಶನ ಎಲ್ಲಿ ಎಂಬ ಮಾತುಕತೆ ವರ್ಷಗಳಿಂದ ನಡೆದಿದೆ. ಆ ಊರುಗಳ ಕಂಬ, ತೊಲೆ, ಕಲ್ಲುಗಳನ್ನು ಯಾರು, ಎಷ್ಟು ತಿಂಗಳಲ್ಲಿ, ಯಾವ ದರಕ್ಕೆ ಬಿಚ್ಚುತ್ತಾರೆ, ಬಿಚ್ಚಿದ್ದು ಯಾವ ಮನೆಗೆ ಹೋಗುತ್ತದೆ ಎಂಬುದನ್ನು ಆ ಮಾತುಕತೆಯೊಳಗೆ ತರಲು ಇನ್ನೂ ಕಾಲಾವಕಾಶವಿದೆ.